ರಕ್ತ ಬಂತೆಂದು ಬ್ರಷ್ ಬಿಡಬೇಡಿ

ದೊಡ್ಡಬಳ್ಳಾಪುರದ ಮಗ್ಗದ ಕೆಲಸದವರಿರಲಿ, ದೇವನಹಳ್ಳಿಯ ದ್ರಾಕ್ಷಿ ತೋಟದವರಿರಲಿ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆಯುವ ಮೊದಲು ಆಡುವ ಮಾತು ಬಹುಮಟ್ಟಿಗೆ ಒಂದೇ: "ವಸಡಲ್ಲಿ ರಕ್ತ ಬರುತ್ತೆ ಸಾರ್, ಅದಕ್ಕೇ ಆ ಕಡೆ ಉಜ್ಜೋದು ಬಿಟ್ಟಿದೀನಿ." ಗಾಯವಾದ ಜಾಗ ಮುಟ್ಟಬಾರದು ಅನ್ನುವುದು ಮೊಣಕಾಲಿಗೆ ಸರಿ. ವಸಡಿನ ಲೆಕ್ಕ ಬೇರೆ. ಸಾಮಾನ್ಯವಾಗಿ ಅಲ್ಲಿ ರಕ್ತ ಬರುವುದು ಉಜ್ಜದೆ ಉಳಿದ ಕೊಳೆಯಿಂದಲೇ.

ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ನಾಲಿಗೆ ಆಡಿಸಿ ನೋಡಿ. ಒರಟಾಗಿ ತಗುಲಿದರೆ ಅದು ಕಿಟ್ಟ. ಜೊಲ್ಲಿನ ನಾಳಗಳು ತೆರೆಯುವುದು ಅಲ್ಲೇ ಆದ್ದರಿಂದ ಜೊಲ್ಲಿನ ಖನಿಜಗಳು ಮೊದಲು ಕಟ್ಟಿಕೊಳ್ಳುವುದೂ ಅಲ್ಲೇ. ಕಿಟ್ಟವಾಗುವ ಮೊದಲು ಅದು ಮೆತ್ತನೆಯ ಪಾಚಿ, ಅಂದರೆ ಬ್ಯಾಕ್ಟೀರಿಯಾಗಳ ಅಂಟುಪದರ. ವಸಡಿನ ಅಂಚಿನಲ್ಲಿ ಅದು ಕೂತರೆ ದೇಹ ಸುಮ್ಮನಿರುವುದಿಲ್ಲ. ರಕ್ತನಾಳಗಳು ಹಿಗ್ಗುತ್ತವೆ, ವಸಡು ಕೆಂಪಗೆ ಊದುತ್ತದೆ, ಒಳಪದರ ತೆಳ್ಳಗಾಗಿ ಬ್ರಷ್ ತಾಗಿದರೆ ಸಾಕು, ರಕ್ತ ಬರುತ್ತದೆ.

ಇದನ್ನು ಸಾಬೀತು ಮಾಡಿದ ಪ್ರಯೋಗ ನಡೆದದ್ದು ಡೆನ್ಮಾರ್ಕಿನ ಆರ್ಹುಸ್‌ನಲ್ಲಿ, 1965ರಲ್ಲಿ ಅದರ ವರದಿ ಬಂತು. ಹೆರಾಲ್ಡ್ ಲೋ ಎಂಬ ದಂತ ವಿಜ್ಞಾನಿ, ಆರೋಗ್ಯವಂತ ವಸಡಿನ 12 ಮಂದಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಔಷಧವಿಲ್ಲ, ಮಾತ್ರೆಯಿಲ್ಲ.

"ನಮ್ಮಜ್ಜಿ ಬ್ರಷ್ಷೇ ಮುಟ್ಟಿದವಳಲ್ಲ, ಕಡೇವರೆಗೂ ಕಡಲೆ ಕಡೀತಿದ್ಳು" ಅನ್ನುವವರಿಗೂ ಲೋ ಉತ್ತರ ಇಟ್ಟಿದ್ದಾರೆ. ಹಲ್ಲುಜ್ಜುವ ರೂಢಿಯೇ ಇಲ್ಲದ ಶ್ರೀಲಂಕಾದ ಟೀ ತೋಟಗಳ 480 ಕೂಲಿಗಳನ್ನು ಅವರ ತಂಡ 1970ರಿಂದ 15 ವರ್ಷ ಗಮನಿಸಿತು. ವಸಡಿನ ಊತ ಎಲ್ಲರಿಗೂ ಇತ್ತು. ಆದರೆ ಶೇ. 11ರಷ್ಟು ಮಂದಿಯಲ್ಲಿ ಅದು ಊತದಾಚೆ ಹೋಗಲಿಲ್ಲ, ಶೇ. 8ರಷ್ಟು ಮಂದಿಯಲ್ಲಿ ಮೂಳೆ ಬೇಗಬೇಗ ಕರಗಿತು, ಉಳಿದವರು ನಡುವೆ. ಅಜ್ಜಿ ಆ ಹನ್ನೊಂದರಲ್ಲಿ ಒಬ್ಬಳಿರಬಹುದು. ಮೊಮ್ಮಗನೂ ಅದೇ ಗುಂಪಿನವನು ಅನ್ನುವ ಖಾತರಿ ಯಾರೂ ಕೊಡಲಾರರು. ಊತದ ಹಂತದಲ್ಲಿ ವಸಡು ಪೂರ್ತಿ ವಾಪಸು ಬರುತ್ತದೆ. ಕರಗಿದ ಮೂಳೆ ತಾನಾಗಿ ಬೆಳೆಯುವುದಿಲ್ಲ.

ಬೇವಿನ ಕಡ್ಡಿ, ಹೊಂಗೆ ಕಡ್ಡಿಯ ಬಗ್ಗೆ ನನಗೆ ತಕರಾರಿಲ್ಲ. ತುದಿ ಜಗಿದು ನಾರು ಬಿಡಿಸಿಕೊಂಡರೆ ಹೊರಬದಿಯನ್ನು ಚೆನ್ನಾಗಿಯೇ ಉಜ್ಜುತ್ತದೆ. ದವಡೆ ಹಲ್ಲಿನ ಒಳಬದಿಗೆ ಮಾತ್ರ ಅದು ತಲುಪುವುದು ಕಷ್ಟ. ಇದ್ದಿಲು, ಇಟ್ಟಿಗೆ ಪುಡಿ ಬೇಡವೇ ಬೇಡ, ಹಲ್ಲು ಸವೆಯುತ್ತದೆ. ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆ ಹಿಡಿದು, ಎಳೆಗಳ ತುದಿ ಅಂಚಿನೊಳಕ್ಕೆ ಇಳಿಯುವಂತೆ ಸಣ್ಣಗೆ ಅಲ್ಲಾಡಿಸಬೇಕು. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ, ಎರಡೆರಡು ನಿಮಿಷ. ರಾತ್ರಿ ಜೊಲ್ಲು ಕಡಿಮೆ ಆಗುವುದರಿಂದ ಎರಡನೆಯದನ್ನು ಬಿಡುವಂತಿಲ್ಲ. ಬಿಸಿ ಉಪ್ಪುನೀರು ಮುಕ್ಕಳಿಸಿದರೆ ನೋವಿಗೆ ಹಿತ, ಆದರೆ ಪಾಚಿ ಹೋಗುವುದಿಲ್ಲ.

ಕಡ್ಡಿಪುಡಿ, ಹೊಗೆಸೊಪ್ಪು, ಬೀಡಿ ಚಟದವರಿಗೆ ಇನ್ನೊಂದು ಮೋಸವಿದೆ. ತಂಬಾಕು ವಸಡಿನ ರಕ್ತಸ್ರಾವವನ್ನು ಮರೆಮಾಚುತ್ತದೆ. ರಕ್ತ ಕಾಣಲಿಲ್ಲವೆಂದು ನಿಶ್ಚಿಂತೆಯಿಂದಿರುವಾಗ ಒಳಗೆ ಮೂಳೆ ಕರಗುತ್ತಿರುತ್ತದೆ.

ಗಟ್ಟಿಯಾದ ಕಿಟ್ಟ ಬ್ರಷ್‌ಗೆ ಜಗ್ಗುವುದಿಲ್ಲ, ಕ್ಲೀನಿಂಗ್ ಮಾಡಿಸಲೇಬೇಕು. "ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ" ಅನ್ನುವ ಭಯ ಹೊಸಕೋಟೆಯಲ್ಲೂ ಇದೆ, ನೆಲಮಂಗಲದಲ್ಲೂ ಇದೆ. ಸಡಿಲವಾಗಿದ್ದ ಹಲ್ಲನ್ನು ಕಿಟ್ಟವೇ ಕಟ್ಟಿ ಹಿಡಿದಿರುತ್ತದೆ, ಅದು ಹೋದಾಗ ನಿಜಸ್ಥಿತಿ ಗೊತ್ತಾಗುತ್ತದೆ, ಅಷ್ಟೇ. ಎರಡು ವಾರ ಸರಿಯಾಗಿ ಉಜ್ಜಿದ ಮೇಲೂ ರಕ್ತ ನಿಲ್ಲದಿದ್ದರೆ ದಂತ ವೈದ್ಯರಿಗೆ ತೋರಿಸಿ, ಜೊತೆಗೆ ಶುಗರ್ ಕೂಡ ನೋಡಿಸಿಕೊಳ್ಳಿ. ಸಕ್ಕರೆ ಕಾಯಿಲೆ ವಸಡನ್ನು ಕೆಡಿಸುತ್ತದೆ. ಕೆಟ್ಟ ವಸಡು ಸಕ್ಕರೆಯನ್ನು ಹತೋಟಿಗೆ ಬರಲು ಬಿಡುವುದಿಲ್ಲ.