ಊನಕ್ಕೆ ಅಂಕೆ ಬಂದ ಬಗೆ

ರೋಗಗಳನ್ನು ಅಂಕೆಗಳಿಂದ ಗುರುತಿಸುವ ಪದ್ಧತಿ ಮೊದಲಿಗೆ ಹುಟ್ಟಿದುದು ಸತ್ತವರ ಲೆಕ್ಕಕ್ಕಾಗಿ. 1893ರಲ್ಲಿ ಶಿಕಾಗೋ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮುಂದೆ ಪ್ಯಾರಿಸಿನ ಝಾಕ್ ಬೆರ್ತಿಯೋಂ ಮಂಡಿಸಿದ ಪಟ್ಟಿ ಮರಣಕಾರಣಗಳದು. ಕಾಲಿನಲ್ಲಿ ಒಂದೆಲುಬು ಇಲ್ಲದೆ ಹುಟ್ಟಿಯೂ ಆರೋಗ್ಯವಾಗಿ ಬೆಳೆಯುವ ಮಗು ಅಂಥ ಪಟ್ಟಿಯ ಕಣ್ಣಿಗೆ ಬೀಳುವ ಪ್ರಮೇಯವೇ ಇರಲಿಲ್ಲ. 1948ರ ಆರನೆಯ ಪರಿಷ್ಕರಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬದುಕಿರುವವರ ಬೇನೆಗಳಿಗೂ ಅದರಲ್ಲಿ ಎಡೆಮಾಡಿಕೊಟ್ಟಿತು.

ಆದರೆ ಹುಟ್ಟುಊನಗಳನ್ನು ಶ್ರದ್ಧೆಯಿಂದ ಎಣಿಸುವ ಬುದ್ಧಿ ಜಗತ್ತಿಗೆ ಬರಲು ಒಂದು ಮಹಾವಿಪತ್ತೇ ಬೇಕಾಯಿತು. 1957ರ ಅಕ್ಟೋಬರಿನಲ್ಲಿ ಪಶ್ಚಿಮ ಜರ್ಮನಿಯ ಅಂಗಡಿಗಳಿಗೆ ಬಂದ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆಯನ್ನು ಗರ್ಭಿಣಿಯರು ವಾಕರಿಕೆಯ ಶಮನಕ್ಕಾಗಿಯೂ ಸೇವಿಸಿದರು. ಕೈಕಾಲುಗಳು ಮೊಟಕಾದ ಶಿಶುಗಳು ಜನಿಸತೊಡಗಿದರೂ, ಅಂಥ ಜನನಗಳನ್ನು ಊರೂರಿನಿಂದ ಒಂದೆಡೆ ತಂದು ಎಣಿಸುವ ಏರ್ಪಾಡು ಇಲ್ಲದುದರಿಂದ, ವೈದ್ಯನು ತನ್ನೆದುರಿನ ಮಗುವನ್ನು ಒಂಟಿ ಪ್ರಸಂಗವೆಂದು ಭಾವಿಸುವುದು ಸಹಜವಾಗಿತ್ತು. ಹ್ಯಾಂಬರ್ಗಿನ ವಿಡುಕಿಂಡ್ ಲೆಂಟ್ಸ್ ತಾಯಂದಿರನ್ನು ವಿಚಾರಿಸಿ 1961ರ ನವೆಂಬರಿನಲ್ಲಿ ಎಚ್ಚರಿಸಿದ ಮೇಲೆ ಆ ಔಷಧವನ್ನು ಅಲ್ಲಿ ಹಿಂದೆಗೆದುಕೊಂಡರು. ಅಷ್ಟರೊಳಗೆ ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಮಕ್ಕಳು ಬಾಧಿತರಾಗಿದ್ದರೆಂಬುದು ಸಾಮಾನ್ಯ ಅಂದಾಜು. ಜನ್ಮದೋಷಗಳ ದಾಖಲೆಕೇಂದ್ರಗಳು ಹಲವು ದೇಶಗಳಲ್ಲಿ ತಲೆಯೆತ್ತಿದುದು ಈ ಪಾಠದಿಂದ.

ಎಣಿಸಬೇಕಾದರೆ ಎಲ್ಲರೂ ಒಂದೇ ರೀತಿಯಾಗಿ ಬಣ್ಣಿಸಬೇಕು. ಅದೇ 1961ರಲ್ಲಿ ಅಮೆರಿಕದ ಫ್ರಾಂಟ್ಸ್ ಮತ್ತು ಓರಾಹಿಲಿ ಎಂಬ ವಿದ್ವಾಂಸರು ಅಂಗನ್ಯೂನತೆಗಳನ್ನು ಎಲುಬುಗಳ ಆಧಾರದ ಮೇಲೆ ವಿಂಗಡಿಸಿದರು. ಕ್ರಮೇಣ ಎರಡು ದೊಡ್ಡ ವರ್ಗಗಳು ನೆಲೆನಿಂತವು: ಒಂದು ಮಟ್ಟದವರೆಗೆ ಸರಿಯಾಗಿ ಬೆಳೆದ ಕಾಲು ಅಲ್ಲಿಗೇ ಕೊನೆಗೊಂಡರೆ ಅದು ಅಡ್ಡಕೊರತೆ, ಕಾಲಿನ ಉದ್ದಕ್ಕೆ ಒಂದು ಎಲುಬು ಪೂರ್ಣವಾಗಿಯೋ ಭಾಗಶಃವೋ ಇಲ್ಲದಿದ್ದರೆ ಅದು ಉದ್ದಕೊರತೆ. 1990ರಲ್ಲಿ ಅಂಗೀಕೃತವಾದ, ಆ ರೋಗಪಟ್ಟಿಯ ಹತ್ತನೆಯ ಪರಿಷ್ಕರಣವು ಕಾಲಿನ ನ್ಯೂನತೆಗಳಿಗೆಲ್ಲ ಕ್ಯೂ 72 ಎಂಬ ಮನೆಯನ್ನು ಕೊಟ್ಟು, ತೊಡೆಯೆಲುಬಿಗೆ 72.4, ಮೊಣಕಾಲಿನ ಕೆಳಗಿನ ದಪ್ಪ ಎಲುಬಾದ ಟಿಬಿಯಾಕ್ಕೆ 72.5, ಅದರ ಪಕ್ಕದ ಸಣ್ಣ ಎಲುಬಾದ ಫಿಬುಲಾಕ್ಕೆ 72.6 ಎಂದು ಒಳಕೋಣೆಗಳನ್ನೂ ಮಾಡಿತು. 2015ರ ಅಕ್ಟೋಬರಿನಿಂದ ಅಮೆರಿಕದಲ್ಲಿ ಬಳಕೆಗೆ ಬಂದ ರೂಪದಲ್ಲಿ ಇನ್ನೊಂದು ಅಂಕೆ ಸೇರಿ, ಬಲಗಾಲಿಗೆ 1, ಎಡಗಾಲಿಗೆ 2, ಎರಡಕ್ಕೂ 3 ಎಂದಾಯಿತು. ವೈದ್ಯರ ಬರಹವನ್ನು ಅಂಕೆಗಳಿಗೆ ಇಳಿಸುವ ಬೆಂಗಳೂರಿನ ಮೆಡಿಕಲ್ ಕೋಡರುಗಳು ಇಂದು ಆ ದೇಶದ ಕಡತಗಳಿಗೆ ಹಚ್ಚುವುದು ಈ ಅಂಕೆಗಳನ್ನೇ.

ಇಲ್ಲಿ ವೈದ್ಯನ ಒಂದು ವಾಕ್ಯದ ಬೆಲೆ ತಿಳಿಯುತ್ತದೆ. ‘ಹುಟ್ಟಿನಿಂದ ಎಡಗಾಲು ಗಿಡ್ಡ’ ಎಂದಷ್ಟೇ ಬರೆದರೆ ಕೋಡರಿಗೆ ಸಿಗುವುದು ಬರಿಯ ಗಿಡ್ಡತನವನ್ನು ಹೇಳುವ ಕ್ಯೂ 72.812; ‘ಎಡಗಾಲಿನ ಫಿಬುಲಾ ಇಲ್ಲ, ಟಿಬಿಯಾ ಮುಂದಕ್ಕೆ ಬಾಗಿದೆ, ಪಾದದ ಹೊರಬದಿಯ ಎರಡು ಬೆರಳುಗಳಿಲ್ಲ’ ಎಂದು ಬರೆದರೆ ಕ್ಯೂ 72.62. ಬರೆಯದ ಎಲುಬನ್ನು ತನ್ನ ಊಹೆಯಿಂದ ಸೇರಿಸುವ ಅಧಿಕಾರ ಕೋಡರಿಗಿಲ್ಲ. ಮೊದಲನೆಯ ಕಡತದ ಮಗು ಫಿಬುಲಾ ಇಲ್ಲದವರ ಎಣಿಕೆಯಿಂದ ತಪ್ಪಿಹೋಗುತ್ತದೆ. ಅಂಥ ಜನನಗಳು ಒಂದೂರಿನಲ್ಲಿ ಏಕಾಏಕಿ ಹೆಚ್ಚಿದರೂ ಲೆಕ್ಕ ಅದನ್ನು ಕಾಣದು.

ಆದುದರಿಂದ ಯಾವ ಎಲುಬು, ಯಾವ ಬದಿ, ಪೂರ್ಣವೋ ಭಾಗಶಃವೋ, ಜೊತೆಗೆ ಬೇರೇನು ದೋಷ ಎಂಬ ನಾಲ್ಕು ಪ್ರಶ್ನೆಗಳಿಗೆ ಮೊದಲ ಪರೀಕ್ಷೆಯ ದಿನವೇ ಉತ್ತರ ಬರೆದಿಡುವುದನ್ನು ಗುಮಾಸ್ತಿಕೆಯೆಂದು ಹಗುರಾಗಿ ಕಾಣುವ ವೈದ್ಯನು, 1961ಕ್ಕೆ ಮುಂಚಿನ ಕುರುಡನ್ನೇ ತನ್ನ ಆಸ್ಪತ್ರೆಯಲ್ಲಿ ಮುಂದುವರಿಸುತ್ತಾನೆ.