ಐದು ದಿನದ ಪರದೇಶ

ಪರದೇಶಯಾತ್ರೆ ಎಂದೊಡನೆ ಹಡಗು, ಹೆದ್ದೆರೆ, ದೂರದ ದೀಪಗಳು ಕಣ್ಣಮುಂದೆ ಬರುತ್ತವೆ. ಕಾರಂತರು ‘ಅಪೂರ್ವ ಪಶ್ಚಿಮ’ವನ್ನು ಬರೆದರು, ಗೋಕಾಕರು ‘ಸಮುದ್ರದಾಚೆಯಿಂದ’ ಬರೆದರು. ಹೋಗಿ ಕಂಡವರ ಮಾತು ನಮ್ಮಲ್ಲಿ ಬೇಕಾದಷ್ಟು ಉಂಟು. ಆದರೆ ಹೊರಡುವ ಮುನ್ನ ಮನೆಯ ಜಗಲಿಯಲ್ಲಿ ಕುಳಿತು, ಯಾವ ದಾರಿ ಅಗ್ಗ, ಯಾವುದು ಅನುಕೂಲ ಎಂದು ಕೂಡಿ ಕಳೆದ ಲೆಕ್ಕವನ್ನು ಬರೆದವರು ವಿರಳ. ಅಂಥದೊಂದು ಲೆಕ್ಕದಲ್ಲಿ ಕಳೆದ ದಸರೆಯ ಹೊತ್ತಿಗೆ ನಾನು ಸೋತೆ. ತಿದ್ದಿದವರು ಇಬ್ಬರು: ನನ್ನ ತಾಯಿ ಮತ್ತು ಹೆಬಳೆಯ ನಮ್ಮ ಕೇರಿಯ ಹಿರಿಯರೊಬ್ಬರು.

ತಂಗಿ ದುಬೈಯಲ್ಲಿ ಹೆತ್ತು ಮೂರು ತಿಂಗಳಾಗಿದ್ದಿತು. ಆಯಿಗೆ ಎಪ್ಪತ್ತಾರು, ಮೊಣಕಾಲು ಮಾತು ಕೇಳದು. “ಕೂಸಿನ ಮುಖ ಒಂದ್ಸಲ ನೋಡ್ಕಂಡು ಬತ್ತೆ ತಮಾ” ಎಂದಳು. ಇದರಲ್ಲಿ ‘ಒಂದ್ಸಲ’ ಎಂಬ ಮಾತು ನನ್ನನ್ನು ಕದಲಿಸಿತು. ಮುಂದಿನ ವರ್ಷಕ್ಕೆ ಎಂದು ಹೇಳುವ ಧೈರ್ಯ ಯಾರಿಗಿದ್ದೀತು? ನನಗೆ ಸಿಕ್ಕಬಹುದಾದದ್ದು ಐದು ದಿನ. ಅಷ್ಟರಲ್ಲಿ ಹೋಗಿ ಬರಬೇಕು, ಅದೂ ಅಧ್ಯಾಪಕನ ಸಂಬಳದಲ್ಲಿ.

ಐದು ದಿನದ ಪರದೇಶವೆಂಬುದೇ ನಮ್ಮ ಕರಾವಳಿಗೆ ಹೊಸದು. ವಿಜಯನಗರಕ್ಕೆ ಬೇಕಾದ ಕುದುರೆಗಳು ಭಟ್ಕಳದ ರೇವಿನಲ್ಲಿ ಇಳಿಯುತ್ತಿದ್ದ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದ ಕಾಲದಲ್ಲಿ, ಪ್ರಯಾಣದ ಅವಧಿಯನ್ನು ಗೊತ್ತು ಮಾಡುತ್ತಿದ್ದುದು ಗಾಳಿ. ಈಶಾನ್ಯದ ಗಾಳಿ ಹಿಡಿದು ಅರಬ್ಬರ ನಾಡಿಗೆ ಹೋದವನು ನೈಋತ್ಯದ ಗಾಳಿಗಾಗಿ ತಿಂಗಳುಗಟ್ಟಲೆ ಕಾಯಬೇಕು. ಅಲ್ಪಪ್ರವಾಸ ಎಂಬ ಪದಕ್ಕೆ ಅರ್ಥವೇ ಇರಲಿಲ್ಲ.

ಈಗ ನಮ್ಮ ಮುಂದೆ ದಾರಿಗಳು ಹಲವು. ಮಂಗಳೂರಿನ ಬಜ್ಪೆ ಸುಮಾರು ನೂರ ನಾಲ್ವತ್ತು ಕಿಲೋಮೀಟರು. 2006ರಿಂದ ಅಲ್ಲಿಂದ ನೇರವಾಗಿ ಕೊಲ್ಲಿಗೆ ವಿಮಾನ ಉಂಟು. ಗೋವೆಯಲ್ಲಿ ದಾಬೋಳಿಯ ಜೊತೆಗೆ 2023ರಿಂದ ಮೋಪಾ ಕೂಡಿದೆ. ಎರಡೂ ನಮಗೆ ಬಜ್ಪೆಗಿಂತ ದೂರ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ತೆರೆದಂದಿನಿಂದ ಮುಂಬಯಿ ಒಂದು ರಾತ್ರಿಯ ಹಾದಿ. ನಾನು ನೋಡಿದ ದಿನ ಮುಂಬಯಿಯಿಂದ ದುಬೈಗೆ ಟಿಕೀಟು ಬಜ್ಪೆಗಿಂತ ಎಷ್ಟೋ ಅಗ್ಗವಾಗಿ ಕಂಡಿತು. ಹಿಗ್ಗಿದೆ. ಬಜ್ಪೆ ಬೇಡವೆನ್ನಲು ಮತ್ತೊಂದು ಕಾರಣವೂ ಇದ್ದಿತು, ಬಾಯಿಬಿಟ್ಟು ಹೇಳದ್ದು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಆ ಗುಡ್ಡದ ರನ್‌ವೇಯನ್ನು ಮೀರಿ ಕಮರಿಗೆ ಉರುಳಿ 158 ಮಂದಿ ತೀರಿಹೋದರು. ಬದುಕಿದವರು ಎಂಟೇ ಜನ. ಕರಾವಳಿಯವರಾರೂ ಆ ಬೆಳಗನ್ನು ಮರೆತಿಲ್ಲ.

ಲೆಕ್ಕ ಬರೆದ ಹಾಳೆಯನ್ನು ಆಯಿಗೆ ಓದಿಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅಗ್ಗ ಹೇಳಿದ್ರೆ ಯಾರಿಗೆ ತಮಾ, ಕಾಲಿಗೋ ಕಿಸೆಗೋ?”

ಆ ಸಂಜೆ ಬಂದರು ನಮ್ಮ ಸಾಹೇಬರು. ನವಾಯತರ ಮನೆತನ; ಹರೆಯದಲ್ಲಿ ಮುಂಬಯಿಯಿಂದ ‘ದ್ವಾರಕಾ’ ಎಂಬ ಹಡಗಿನ ಮೇಲಟ್ಟದಲ್ಲಿ ಚಾಪೆ ಹಾಸಿಕೊಂಡು ಕೊಲ್ಲಿಗೆ ಹೋದವರು. ಬ್ರಿಟಿಷ್ ಇಂಡಿಯಾ ಕಂಪನಿಯ ಆ ಹಡಗು 1982ರವರೆಗೆ ಓಡಿತು. ನನ್ನ ಹಾಳೆಯನ್ನು ಕನ್ನಡಕ ಏರಿಸಿ ನೋಡಿದರು. “ಮಾಸ್ತರೆ, ಇದರಲ್ಲಿ ರೈಲು ತಡವಾದರೆ ಏನು ಅಂತ ಬರೆದಿಲ್ಲವಲ್ಲ?” ನಿಜ. ದಸರೆಯ ಹೊತ್ತಿಗೆ ಕೊಂಕಣ ರೈಲಿನಲ್ಲಿ ಮಳೆಗಾಲದ ವೇಳಾಪಟ್ಟಿ ಮುಗಿದಿರುವುದಿಲ್ಲ. ಗುಡ್ಡ ಜರಿಯುವ ಭಯಕ್ಕೆ ಗಾಡಿಗಳ ವೇಗ ಇಳಿಸಿರುತ್ತಾರೆ. ರೈಲಿನ ಟಿಕೀಟಿಗೂ ವಿಮಾನದ ಟಿಕೀಟಿಗೂ ನಂಟಿಲ್ಲ. ಒಂದು ತಡವಾದರೆ ಇನ್ನೊಂದು ಕಾಯುವುದಿಲ್ಲ, ಹಣವೂ ಮರಳದು. ಅಪಾಯ ತಪ್ಪಿಸಲು ಮುಂಬಯಿಯಲ್ಲಿ ಒಂದು ರಾತ್ರಿ ತಂಗಬೇಕು. ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು. ಐದು ದಿನದಲ್ಲಿ ಎರಡು ರೈಲಿಗೇ ಆಯಿತು. ಕುರ್ಲಾದಲ್ಲಿ ಇಳಿದು ಟ್ಯಾಕ್ಸಿ, ಲಾಡ್ಜು, ಊಟ. ಆ ಅಗ್ಗದ ಟಿಕೀಟಿನಲ್ಲಿ ಕೈಚೀಲಕ್ಕಿಂತ ಹೆಚ್ಚಿನ ಸಾಮಾನಿಗೆ ಬೇರೆ ದುಡ್ಡು. ಎಲ್ಲವನ್ನೂ ಬರೆದು ಕೂಡಿದಾಗ ಬಜ್ಪೆಯ ‘ದುಬಾರಿ’ಯೇ ಕಡಿಮೆಯಾಯಿತು!

ಗುಡ್ಡದ ಮಾತನ್ನು ನಾನು ಮೆಲ್ಲನೆ ಎತ್ತಿದೆ. ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಿದ್ದರು. ದ್ವಾರಕಾದ ಜೊತೆಯ ಹಡಗು ‘ದಾರಾ’ 1961ರ ಏಪ್ರಿಲಿನಲ್ಲಿ ದುಬೈಯ ಬಳಿ ಸ್ಫೋಟವಾಗಿ 238 ಜನ ಸತ್ತದ್ದನ್ನು ಹೇಳಿ, “ಅದನ್ನು ಕೇಳಿ ಬೆಳೆದವರೇ ನಾವು. ಆದರೂ ಹತ್ತಿದೆವು, ಮನೆಯಲ್ಲಿ ಅಕ್ಕಿ ಬೇಕಿತ್ತು” ಎಂದರು. ಆಯಿ ಒಳಗಿನಿಂದಲೇ ಬಜ್ಪೆ ಎಂದು ತೀರ್ಮಾನ ಕೊಟ್ಟಳು. ಅದೇ ರಾತ್ರಿಯ ವಿಮಾನಕ್ಕೆ ಸಾಹೇಬರ ಬಂಧುಗಳಿಬ್ಬರು ಹೋಗುವವರಿದ್ದರು. ಕಾರಿನ ಬಾಡಿಗೆ ಎರಡು ಪಾಲಾಯಿತು.

ಇನ್ನು ಗಂಟಿನ ಸಂಗತಿ. ಬಾಣಂತಿಗೆಂದು ಆಯಿ ಕಟ್ಟಿದ್ದ ಪೊಟ್ಟಣಗಳನ್ನು ಸಾಹೇಬರು ಬಿಚ್ಚಿಸಿದರು. ಗಸಗಸೆಯನ್ನು ಕಂಡು ಅವರ ಮುಖ ಬದಲಾಯಿತು. ನಮ್ಮ ಪಾಯಸದ ಈ ಸಾಧು ಕಾಳು ಆ ದೇಶದಲ್ಲಿ ಮಾದಕದ್ರವ್ಯದ ಪಟ್ಟಿಗೆ ಸೇರಿದ್ದು, ಸಿಕ್ಕಿದರೆ ಸೆರೆಮನೆ. ಒಣಕೊಬ್ಬರಿಯೂ ಬೆಂಕಿಯ ಭಯಕ್ಕಾಗಿ ವಿಮಾನದಲ್ಲಿ ನಿಷಿದ್ಧ. ಉಳಿದದ್ದು ಹಲಸಿನ ಹಪ್ಪಳ, ಅಪ್ಪೆಮಿಡಿ. ವೀಸಾವನ್ನು ತಂಗಿಯ ಗಂಡ ಮೊದಲೇ ಮಾಡಿಸಿದ್ದರು.

ಹೆಬಳೆಯಿಂದ ಬಜ್ಪೆಗೆ ಮೂರು ಗಂಟೆ. ಕಡಲನ್ನು ದಾಟಲೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಯೂ ಒಂದು ಎಚ್ಚರ ಬೇಕು. ದುಬೈಯ ವಿಮಾನನಿಲ್ದಾಣದಲ್ಲಿ 1 ಮತ್ತು 3ನೆಯ ಟರ್ಮಿನಲ್ಲುಗಳಿಗೆ ಮೆಟ್ರೊ ರೈಲು ಉಂಟು, 2ನೆಯದಕ್ಕಿಲ್ಲ. ನಾವಿಳಿದದ್ದು ಎರಡರಲ್ಲಿ, ಅದೂ ಅಪರಾತ್ರಿ. ಹೊರಗಿನ ಟ್ಯಾಕ್ಸಿಯ ಮೀಟರು 25 ದಿರ್ಹಮಿನಿಂದಲೇ ಮೊದಲಾಯಿತು. ದಿರ್ಹಮಿಗೆ ಇಪ್ಪತ್ತಕ್ಕೂ ಮಿಕ್ಕ ರೂಪಾಯಿ ಎಂದು ಗುಣಿಸುತ್ತ ನಾನು ಕಿಟಕಿಯ ಹೊರಗೆ ಏನನ್ನೂ ನೋಡಲಿಲ್ಲ; ಆಯಿ ಎಲ್ಲವನ್ನೂ ನೋಡಿದಳು.

ಮರುದಿನದಿಂದ ಮೆಟ್ರೊ. 2009ರಲ್ಲಿ ಆರಂಭವಾದ ಈ ರೈಲಿಗೆ ಚಾಲಕನಿಲ್ಲ. ‘ನೋಲ್’ ಎಂಬ ಕಾರ್ಡಿನಲ್ಲಿ ಹಣ ತುಂಬಿಕೊಂಡರೆ ಹತ್ತಿರಕ್ಕೆ ಮೂರು ದಿರ್ಹಮ್, ದೂರಕ್ಕೆ ಏಳೂವರೆ. ಹೆಂಗಸರಿಗೆ, ಮಕ್ಕಳಿಗೆ ಬೇರೆ ವಿಭಾಗ. ಒಳಗೆ ಏನನ್ನೂ ತಿನ್ನುವಂತಿಲ್ಲ, ತಿಂದರೆ ನೂರು ದಿರ್ಹಮ್ ದಂಡ. ಆಯಿಯ ಎಲೆಯಡಿಕೆಯ ಚೀಲವನ್ನು ನಾನು ವಶಪಡಿಸಿಕೊಂಡೆ.

ಆದರೆ ಅವಳಿಗೆ ಹಿಡಿಸಿದ್ದು ಅಬ್ರಾ. ಊರಿನ ನಡುವೆ ಹರಿದ ಖಾರಿಯನ್ನು ದಾಟುವ ಮರದ ದೋಣಿ; ಬರ್ ದುಬೈಯಿಂದ ದೇರಾಕ್ಕೆ ಒಂದೇ ದಿರ್ಹಮ್. ಕೂಸನ್ನು ಮಡಿಲಲ್ಲಿಟ್ಟುಕೊಂಡು ಹಲಗೆಯ ಮೇಲೆ ಕುಳಿತವಳು, ಶರಾವತಿಗೆ ಸೇತುವೆಯಾಗುವ ಮುಂಚೆ ಹೊನ್ನಾವರದಲ್ಲಿ ಹೀಗೆಯೇ ದಾಟುತ್ತಿದ್ದುದನ್ನು ಕೂಸಿಗೆ ಹೇಳತೊಡಗಿದಳು. ಆಚೆಯ ದಡ ಮುಟ್ಟಿದ ಮೇಲೂ ಇಳಿಯಲಿಲ್ಲ. ಮತ್ತೆ ಮೂರು ದಿರ್ಹಮ್ ಕೊಟ್ಟು, ನಾನು, ತಂಗಿ, ಆಯಿ ಬಂದ ದಡಕ್ಕೇ ಮರಳಿದೆವು.

ಐದನೆಯ ದಿನದ ಬೆಳಗಿನ ಜಾವ ವಿಮಾನ ಬಜ್ಪೆಯ ಗುಡ್ಡಕ್ಕೆ ಇಳಿಯುವಾಗ ಆಯಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಚಕ್ರ ನೆಲಕ್ಕೆ ತಾಗಿತು. “ಕುಂದಾಪುರದಲ್ಲಿ ಚಾ ಕುಡಿವ” ಎಂದಳು. ಹೆಬಳೆ ಮುಟ್ಟಿದಾಗ ತುಳಸಿಕಟ್ಟೆಯ ಮೇಲೆ ಇನ್ನೂ ಎಳೆಬಿಸಿಲು.