ಕಿವಿಯ ಹಾಡು ಕಣ್ಣಿಗೂ ಸಿಗಲಿ

ಡಿಸೆಂಬರ್ ಬಂತೆಂದರೆ ಪೇಟೆಯ ಪುಸ್ತಕದಂಗಡಿಗಳಲ್ಲಿ ಕ್ರಿಸ್‌ಮಸ್ ಹಾಡುಗಳ ಇಂಗ್ಲಿಷ್ ಚಿತ್ರಪುಸ್ತಕಗಳು ಕಾಣಿಸಿಕೊಳ್ಳುತ್ತವೆ. ಪುಟಕ್ಕೊಂದು ಸಾಲು, ಸಾಲಿಗೊಂದು ಚಿತ್ರ. ಹಿಮವನ್ನೇ ಕಾಣದ ನಮ್ಮ ಮಕ್ಕಳೂ ಅವನ್ನು ಬಿಡಿಸಿಕೊಂಡು ಕುಳಿತುಕೊಳ್ಳುತ್ತಾರೆ. ಹಾಡು ಮೊದಲೇ ಕಿವಿಯಲ್ಲಿದೆ. ಬೆರಳು ಅಕ್ಷರದ ಮೇಲೆ ಓಡುತ್ತದೆ. ಓದು ಬಂದದ್ದೇ ತಿಳಿಯುವುದಿಲ್ಲ.

ಈ ಹಾಡುಗಳೇನೂ ಅನಾದಿ ಕಾಲದವಲ್ಲ. ‘ಜಿಂಗಲ್ ಬೆಲ್ಸ್’ ಅಚ್ಚಾದದ್ದು 1857ರಲ್ಲಿ. ಕೆಂಪು ಮೂಗಿನ ಜಿಂಕೆ ರುಡಾಲ್ಫನ ಕಥೆಯಂತೂ ಇನ್ನೂ ಸ್ವಾರಸ್ಯದ್ದು. 1939ರಲ್ಲಿ ಅಮೇರಿಕದ ಮಾಂಟ್ಗೊಮೆರಿ ವಾರ್ಡ್ ಎಂಬ ಅಂಗಡಿಯವರು ಗಿರಾಕಿಗಳ ಮಕ್ಕಳಿಗೆ ಧರ್ಮಕ್ಕೆ ಹಂಚಲೆಂದು ತಮ್ಮ ನೌಕರ ರಾಬರ್ಟ್ ಮೇ ಅವರಿಂದ ಆ ಪುಸ್ತಕ ಬರೆಸಿದರು. ಮೊದಲ ವರ್ಷವೇ ಸುಮಾರು 24 ಲಕ್ಷ ಪ್ರತಿಗಳು ಹಂಚಿಹೋದುವು. ಹಾಡು ಬಂದದ್ದು ಹತ್ತು ವರ್ಷಗಳ ಅನಂತರ. ಹೊಸ ವರ್ಷಕ್ಕೆ ಕ್ಯಾಲೆಂಡರ್ ಹಂಚುವ ನಮ್ಮ ಜವುಳಿ ವ್ಯಾಪಾರಿಗಳು ಇದನ್ನು ಗಮನಿಸಬಹುದು.

ನಮ್ಮಲ್ಲಿ ಹಾಡಿಗೆ ಬರವಿಲ್ಲ. ಚಳಿ ಕಾಲಿಡುವ ದೀಪಾವಳಿಯಲ್ಲಿ ಬೆಳಗಾವಿ, ಧಾರವಾಡದ ಕಡೆ ದನಗಾಹಿ ಹುಡುಗರು ಹುಲ್ಲಿನಿಂದ ಹೆಣೆದ ದೀವಟಿಗೆ ಹಿಡಿದು ಮನೆ ಮನೆಗೆ ಹೋಗಿ ಆಣಿಪೀಣಿ ಹಾಡುತ್ತಾರೆ. ಮನೆಯವರು ದೀವಟಿಗೆಗೆ ಎಣ್ಣೆ ಹೊಯ್ಯುತ್ತಾರೆ. ಚಿತ್ರಕಾರನಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಆ ಬೆಳಗಾವಿ ಜಿಲ್ಲೆಗೇ ಸೇರಿದ್ದ ತಾಲೂಕು ಚಂದಗಡ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಚಂದಗಡ ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಈಗ ಅದು ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯಲ್ಲಿದೆ. ಅದೇ ದಿನ ನಮ್ಮ ಕಾಸರಗೋಡು ಕೇರಳಕ್ಕೆ ಹೋಯಿತೆಂಬುದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ. ಅಲ್ಲಿಯ ಕನ್ನಡ ಮನೆಯ ಮಗು ಮರಾಠಿ ಶಾಲೆಗೆ ಹೋದರೆ ಕಲಿಯುವುದು ದೇವನಾಗರಿ, ಇಲ್ಲಿಯದು ಮಲೆಯಾಳ ಶಾಲೆಗೆ ಹೋದರೆ ಮಲೆಯಾಳ ಅಕ್ಷರ. ಅಜ್ಜಿಯ ಹಾಡು ಎರಡೂ ಮಕ್ಕಳ ಬಾಯಲ್ಲಿರಬಹುದು. ಬರೆದು ತೋರಿಸಿದರೆ ಗುರುತು ಸಿಗುವುದಿಲ್ಲ, ಅಷ್ಟೆ. ಒಂದು ತಲೆಮಾರು ಹೀಗೆ ಕಳೆದರೆ ಹಾಡೂ ಹೋಗುತ್ತದೆ.

ನಮ್ಮ ನೆರೆಯ ಬಂಟವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಆದರೂ ಕನ್ನಡದ ಮಕ್ಕಳಿಗೆ ಅವರಷ್ಟು ಕೊಟ್ಟವರು ವಿರಳ. ಮಡಿಕೇರಿಯಲ್ಲಿ ಅಧ್ಯಾಪಕರಾಗಿದ್ದ ಅವರು ಬರೆದ ‘ಹುತ್ತರಿ ಹಾಡು’ ಮಾಗಿಯ ಸುಗ್ಗಿಯ ಹಬ್ಬದ ಹೆಸರನ್ನೇ ಹೊತ್ತಿದೆ. ಬೆಳದಿಂಗಳು, ತೆನೆ ತುಂಬಿದ ಗದ್ದೆ, ಕುಡುಗೋಲು, ಕದಿರು ಕೊಯ್ಯುವಾಗ ಹಾರಿಸುವ ಕೋವಿ: ಹುತ್ತರಿಯ ಇರುಳೊಂದೇ ಸಾಕು, ಪುಸ್ತಕ ತುಂಬುವಷ್ಟು ಚಿತ್ರಗಳಿವೆ. ಹೊಸಕ್ಕಿ ಊಟ ಬಲ್ಲ ನಮ್ಮ ಮಕ್ಕಳಿಗೆ ಇದು ಪರಕೀಯವೂ ಅಲ್ಲ. ಪಂಜೆಯವರು ತೀರಿಕೊಂಡದ್ದು 1937ರಲ್ಲಿ. ಕೃತಿಸ್ವಾಮ್ಯದ 60 ವರ್ಷಗಳು ಎಂದೋ ಮುಗಿದುವು. ಯಾರು ಬೇಕಾದರೂ ಅಚ್ಚು ಹಾಕಬಹುದು.

ದೊಡ್ಡ ಹಾಳೆಯೊಂದರ ಎರಡು ಬದಿಗೂ ಮುದ್ರಿಸಿ ಮೂರು ಸಲ ಮಡಚಿದರೆ 16 ಪುಟಗಳಾಗುತ್ತವೆ. ಅಕ್ಷರ ದಪ್ಪಗಿರಲಿ, ಪಲ್ಲವಿ ಬಂದಾಗಲೆಲ್ಲ ಅದೇ ಜಾಗದಲ್ಲಿ, ಅದೇ ಬಣ್ಣದಲ್ಲಿ ಬರಲಿ. ಮಗು ಮೊದಲು ಗುರುತಿಸುವುದು ಅದನ್ನೇ.

ಕನ್ನಡ ಸಾಲಿನ ಕೆಳಗೆ ಅದೇ ಸಾಲನ್ನು ಚಂದಗಡದ ಪ್ರತಿಯಲ್ಲಿ ದೇವನಾಗರಿಯಲ್ಲೂ ಇಲ್ಲಿಯದರಲ್ಲಿ ಮಲೆಯಾಳ ಲಿಪಿಯಲ್ಲೂ ಸಣ್ಣದಾಗಿ ಕೊಡುವುದೊಳ್ಳೆಯದು. ಕೆಲವರು ಮುಖ ಸಿಂಡರಿಸಿಯಾರು. ಆದರೆ ಕನ್ನಡ ಮಾತಾಡಬಲ್ಲ, ಓದಲಾರದ ತಾಯಂದಿರು ಈಗಾಗಲೇ ನಮ್ಮ ನಡುವೆ ಇದ್ದಾರೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಪುಟ ತಿರುಗಿಸಬೇಕಾದವರು ಅವರೇ.